ಕೆಂಚನ ರಾಜ್ಯವಿಸ್ತಾರ

ಕಲ್ಯಾಣಮಂಟಪದ ಬೀದಿಯ ನಾಯಿಗಳ ಒಡೆಯ ಕೆಂಚನಿಗೆ ಎಂಜಲೆಲೆಯ ಹೋಳಿಗೆ ಸಾಲದೆ, ಪಕ್ಕದ ಬೀದಿಯ ಮಾಂಸದಂಗಡಿಯ ಮೇಲೂ ಕಣ್ಣು ಬಿತ್ತು.

“ಪರರ ಬೀದಿಯನ್ನು ಸೇರಿಸಿಕೊಳ್ಳಲು ನಮ್ಮ ಸಂವಿಧಾನದಲ್ಲಿ ಅವಕಾಶವಿದೆಯೇ, ಬೂದವ್ವ?”

ಕಾಯಿದೆ ಬಲ್ಲ ಮುದಿ ನಾಯಿ ಬೂದವ್ವ ಕಿವಿ ಕೆರೆದುಕೊಂಡಳು. “ಕೂಡದೆಂದು ಎಲ್ಲೂ ಹೇಳಿಲ್ಲ, ಒಡೆಯಾ. ಆದರೆ ಬೀದಿ ನಮ್ಮದಾದರೆ ಅಲ್ಲಿನವರೂ ನಮ್ಮವರೇ. ನಮ್ಮವರನ್ನು ಬೊಗಳಿ ಓಡಿಸುವಂತಿಲ್ಲ.”

“ಆಗಲಿ!” ಎಂದ ಕೆಂಚ, ಅಲ್ಲಿನ ದೀಪದ ಕಂಬಕ್ಕೆ ಕಾಲೆತ್ತಿ ಬೀದಿಯನ್ನು ವಿಧಿವತ್ತಾಗಿ ಸೇರಿಸಿಕೊಂಡ.

ಮರುದಿನ ಮದುವೆಯೂಟ ಮುಗಿಯುತ್ತಲೇ ಆ ಬೀದಿಯ ನಾಯಿಗಳೆಲ್ಲ ಎಲೆಗಳ ಮೇಲೆ ಮುಗಿಬಿದ್ದವು. ಕೆಂಚನ ಪಾಲಿಗೆ ಉಳಿದದ್ದು ಬರಿಯ ಬಾಳೆಲೆ.

“ಆ ಬೀದಿಯ ಸಹವಾಸವೇ ಬೇಡ, ಬಿಟ್ಟುಕೊಡೋಣ!”

“ಅದಕ್ಕೆ ಬಹುಮತ ಬೇಕು. ಒಪ್ಪುವವರು ಬೊಗಳಿ,” ಎಂದಳು ಬೂದವ್ವ.

ಎಲ್ಲರ ಬಾಯಲ್ಲೂ ಹೋಳಿಗೆಯಿತ್ತು. ಬೊಗಳಿದವನು ಕೆಂಚನೊಬ್ಬನೇ.