ಬೋರಯ್ಯನ ಮೂಲೆಯ ಮಣ್ಣು

ಹೊಳೆದಂಡೆಯ ಗರಡಿಮನೆಗೆ ಅಂಬಿಗ ಬೋರಯ್ಯ ಹನ್ನೊಂದು ದಿನದಿಂದ ತಲೆ ಹಾಕಿರಲಿಲ್ಲ.

ಅವನೇನು ಕುಸ್ತಿಯವನಲ್ಲ. ನಲವತ್ತು ದಾಟಿದ ಆಸಾಮಿ. ಹರಿಗೋಲಿನಿಂದ ಬಂಡೆಯ ಮೇಲೆ ಬಿದ್ದು ಬಲಭುಜ ಮುರಿದುಕೊಂಡಿದ್ದ. ಮೂಳೆ ಕೂಡಿಸಿದ ವೈದ್ಯರು ಒಂದೇ ಮಾತು ಹೇಳಿದ್ದರು: "ದಿನಾ ತೋಳು ಆಡಿಸಿದರೆ ಮತ್ತೆ ಹುಟ್ಟು ಹಿಡೀತೀಯ. ಬಿಟ್ಟೆಯೋ, ತೋಳು ಅಲ್ಲಿಗೇ ಕಚ್ಚಿಕೊಳ್ಳುತ್ತೆ."

ಹುಟ್ಟು ಹಿಡಿಯದ ಅಂಬಿಗ ಇದ್ದರೆಷ್ಟು, ಬಿಟ್ಟರೆಷ್ಟು! ಅದಕ್ಕೇ ಉಸ್ತಾದ್ ಮರಿಕಾಳಯ್ಯನವರ ಕಾಲಿಗೆ ಬಿದ್ದು ಗರಡಿಗೆ ಸೇರಿದ್ದ.

ಮೊದಮೊದಲು ಏನು ಅಬ್ಬರ ಅಂತೀರಿ! ಕೋಳಿ ಕೂಗುವ ಮುಂಚೆ ಹಾಜರು. ನೂರು ಸಲ ಗದೆ ಬೀಸು ಅಂದರೆ ನೂರಿಪ್ಪತ್ತು. ಸಾಲದ್ದಕ್ಕೆ ಹನುಮಂತರಾಯನ ದೀಪ ಮುಟ್ಟಿ, "ಒಂದು ದಿನ ತಪ್ಪಿಸಿದರೆ ಕೇಳಿ" ಅಂತ ಆಣೆ ಬೇರೆ.

ಆಮೇಲೆ ಒಂದು ದಿನ ಜ್ವರ ಬಂತು. ಎರಡನೇ ದಿನ ಸುಸ್ತು. ಮೂರನೇ ದಿನ ಜ್ವರವೂ ಇಲ್ಲ, ಸುಸ್ತೂ ಇಲ್ಲ. ಆಣೆ ಮುರಿದ ಮೇಲೆ ಯಾವ ಮುಖ ಇಟ್ಕೊಂಡು ಹೋಗಲಿ ಅನ್ನುವ ನಾಚಿಕೆ. ಅಲ್ಲಿಂದಾಚೆಗೆ ಬರೀ ನಾಚಿಕೆಯೇ.

ಹನ್ನೊಂದನೇ ದಿನ ಸಂಜೆ ಹುಟ್ಟನ್ನು ಎತ್ತಿ ನೋಡಿದ. ಕಿವಿಯ ತನಕ ಏಳುತ್ತಿದ್ದ ತೋಳು ಭುಜದ ಕೆಳಗೇ ನಿಂತುಬಿಟ್ಟಿತು.

ಮಾರನೇ ಬೆಳಿಗ್ಗೆ ಹೊರಟ. ದಾರಿಯುದ್ದಕ್ಕೂ ಸುಳ್ಳೊಂದನ್ನು ಬಾಯಿಪಾಠ ಮಾಡಿಕೊಂಡ: ಚಿಕ್ಕಮ್ಮ ತೀರಿಕೊಂಡಳು. ಪಾಪ, ಆ ಚಿಕ್ಕಮ್ಮನನ್ನು ಅವನು ಬೇರೆ ಬೇರೆಯವರ ಹತ್ತಿರ ಆಗಲೇ ಎರಡು ಸಲ ಸಾಯಿಸಿದ್ದ.

ಉಸ್ತಾದರು ಬಾಗಿಲಲ್ಲೇ ಕೂತಿದ್ದರು. ಎಂಬತ್ತರ ಹತ್ತಿರದ ಜೀವ. ಬಲಗೈಗೆ ಹಳೇ ಪಂಚೆಯ ಚೂರು ಸುತ್ತಿತ್ತು. ಒಲೆಯ ಹತ್ತಿರ ಸುಟ್ಟುಕೊಂಡಿರಬೇಕು ಅಂದುಕೊಂಡ ಬೋರಯ್ಯ.

"ಉಸ್ತಾದ್ರೇ, ನಮ್ಮ ಚಿಕ್ಕಮ್ಮ..."

"ಕಾಲು ತೊಳ್ಕೊ. ಗುದ್ದಲಿ ಅಲ್ಲಿದೆ."

ಅಷ್ಟೇ. ಬೈಯಲಿಲ್ಲ, ಕೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಆ ಗರಡಿಯಲ್ಲಿ ಒಂದು ಪದ್ಧತಿ. ಅಖಾಡದ ಕೆಮ್ಮಣ್ಣಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾಲು; ಬೋರಯ್ಯನದು ಒಂದು ಮೂಲೆ. ತನ್ನ ಪಾಲಿನ ಮಣ್ಣನ್ನು ತಾನೇ ಅಗೆದು ಮೇಲೆ ಕೆಳಗೆ ಮಾಡದೆ ಯಾರೂ ಗದೆ ಮುಟ್ಟುವಂತಿಲ್ಲ. ಮೂರು ದಿನ ಬಿಟ್ಟರೆ ಆ ಮಣ್ಣು ಹೆಪ್ಪುಗಟ್ಟಿ ಕಲ್ಲಾಗುತ್ತದೆ.

ಹನ್ನೊಂದು ದಿನ! ಈ ತೋಳಲ್ಲಿ ಅಗೆಯೋದು ಉಂಟಾ? ಬೋರಯ್ಯ ಹಲ್ಲು ಕಚ್ಚಿ, ಎಡಗೈಯ ಬಲದ ಮೇಲೆ ಗುದ್ದಲಿ ಹಾಕಿದ.

ಗುದ್ದಲಿ ಸುಯ್ಯೆಂದು ಇಳಿಯಿತು.

ತಪ್ಪು ಜಾಗಕ್ಕೆ ಬಂದೆನಾ ಅಂತ ಸುತ್ತ ನೋಡಿದ. ಅದೇ ಮೂಲೆ, ಅದೇ ಗೋಡೆ.

"ಉಸ್ತಾದ್ರೇ, ಇದು ನಂದೇ ಅಲ್ವಾ?"

"ಇನ್ಯಾರದ್ದೋ?"

"ಮತ್ತೆ ಅಗೆದೋರು ಯಾರು?"

ಉಸ್ತಾದರ ಕೈಗೆ ಸುತ್ತಿದ್ದ ಬಟ್ಟೆ ಸಡಿಲವಾಗಿತ್ತು, ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದರು. ಅಂಗೈ ತುಂಬ ಬೊಬ್ಬೆ.

"ಅಯ್ಯೋ... ನಾನು ಬರಲೇ ಇಲ್ವಲ್ಲ ಉಸ್ತಾದ್ರೇ."

"ಯಾವತ್ತು ಬರ್ತೀಯ ಅಂತ ನಂಗೇನು ಗೊತ್ತು? ಬಂದ ದಿನ ಕಲ್ಲಾಗಿದ್ದರೆ ನೀನು ವಾಪಸ್ ಹೋಗ್ತಿದ್ದೆ."

ಬೋರಯ್ಯ ಮಣ್ಣು ಅಗೆದ. ಬೆವರೋ ಕಣ್ಣೀರೋ, ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಕೇಳಿದ:

"ಈ ವಯಸ್ಸಲ್ಲಿ ದಿನಾ ಇಷ್ಟು ಹುರುಪು ಎಲ್ಲಿಂದ ಬರುತ್ತೆ ನಿಮಗೆ?"

"ಹುರುಪಾ?" ಉಸ್ತಾದರು ನಕ್ಕುಬಿಟ್ಟರು. "ಮೊನ್ನೆ ಬೆನ್ನು ಹಿಡ್ಕೊಂಡಿತ್ತು. ನಿನ್ನೆ ಏಳೋಕೇ ಬೇಜಾರು. ನಿನ್ನನ್ನ ಬೈಕೊಂಡೇ ಗುದ್ದಲಿ ಎತ್ತಿದ್ದು."

"ಆಮೇಲೆ ಬಂತಾ?"

"ಒಂದೊಂದು ದಿನ ಬರುತ್ತೆ. ಬರೋ ಹೊತ್ತಿಗೆ ಅರ್ಧ ಮೂಲೆ ಅಗೆದಾಗಿರುತ್ತೆ."

ಬೋರಯ್ಯ ಗುದ್ದಲಿ ಇಟ್ಟು ಗದೆ ಎತ್ತಿಕೊಂಡ. "ತಪ್ಪಿಸಿದ್ದೆಲ್ಲ ಸೇರಿಸಿ ಇವತ್ತೇ ಸಾವಿರದ ಇನ್ನೂರು ಬೀಸಿಬಿಡ್ತೀನಿ!"

ಉಸ್ತಾದರು ಗದೆಯನ್ನು ಹಿಡಿದುಕೊಂಡರು. "ಹತ್ತು."

"ಹತ್ತೇ?"

"ನಾಳೆಗೆ ತೋಳು ಬೇಡ್ವೇನೋ?"

ಹತ್ತೇ ಹತ್ತು ಬೀಸಿದ. ಏಳನೆಯದಕ್ಕೆ ಜೀವ ಬಾಯಿಗೆ ಬಂತು. ಹತ್ತನೆಯದಕ್ಕೆ ತೋಳು ಭುಜ ದಾಟಿ ಒಂದು ಬೆರಳಷ್ಟು ಮೇಲೆದ್ದಿತು. ಬೋರಯ್ಯ ಅದನ್ನೇ ನೋಡುತ್ತ ನಿಂತ.

ಆಮೇಲೆ ನೆಟ್ಟಗೆ ಹನುಮಂತರಾಯನ ದೀಪದ ಕಡೆ ನಡೆದ.

"ಎಲ್ಲಿಗೋ?"

"ಆಣೆ ಮಾಡ್ತೀನಿ. ಇನ್ನು ಸತ್ತರೂ ತಪ್ಪಿಸಲ್ಲ."

"ಬೇಡ, ಬಾ ಈ ಕಡೆ. ಜ್ವರ ಎರಡು ದಿನಕ್ಕೆ ಇಳೀತು ಅಂತ ಊರೇ ಹೇಳ್ತು. ಮಿಕ್ಕ ಒಂಬತ್ತು ದಿನ ನಿನ್ನ ಮಲಗಿಸಿದ್ದು ಆ ಆಣೆ."

ಬೋರಯ್ಯ ತಲೆ ತಗ್ಗಿಸಿದ. ಅಂಜುತ್ತಂಜುತ್ತ ಕೇಳಿದ:

"ಅಕಸ್ಮಾತ್... ಮತ್ತೆ ತಪ್ಪಿದರೆ ಉಸ್ತಾದ್ರೇ?"

ಉಸ್ತಾದ್ ಮರಿಕಾಳಯ್ಯನವರು ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿದುಕೊಂಡರು. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಕೈಗೆತ್ತಿಕೊಂಡರು.

"ತಪ್ಪಿದ ಮಾರನೇ ದಿನ ಬಾ. ಮಣ್ಣು ಮೆತ್ತಗೇ ಇರುತ್ತೆ."