ಸೊಸೆಯ ಪಾಲು

ಹಿಮಾಲಯದಲ್ಲಿ, ಮಳೆಮೋಡ ದಾಟಿ ಬಾರದ ಬೆಟ್ಟಗಳ ಆಚೆ ಒಂದು ಒಣ ಕಣಿವೆಯಿದೆ. ಅಲ್ಲಿಯ ನೀರೆಲ್ಲ ಹಿಮ ಕರಗಿದ್ದು. ತಗ್ಗಿನ ತಂಪಿನಲ್ಲಿ ದೇವದಾರು, ನೆತ್ತಿಯಲ್ಲಿ ಧೂಪಕ್ಕೆ ಒದಗುವ ಜುನಿಪರ್ ಪೊದೆ, ನಡುವಿನ ಬಂಡೆಗಳಲ್ಲಿ ತಿನ್ನುವ ಬೀಜ ಕೊಡುವ ಪೈನ್ ಜಾತಿಯ ಚಿಲ್ಗೋಜ ಮರ. ಅವುಗಳ ಬುಡದಲ್ಲಿ ನಮ್ಮ ಮಾಚಿಪತ್ರೆಯ ಜಾತಿಯದೇ ಒಂದು ಬೂದು ಗಿಡ. ಸುತ್ತಲಿನ ಇಳಿಜಾರುಗಳಲ್ಲಿ ಚಿಲ್ಗೋಜವೆಲ್ಲ ಮುದಿ ಮರಗಳೇ. ಒಂದರಲ್ಲಿ ಮಾತ್ರ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲ ವಯಸ್ಸಿನವೂ ನಿಂತಿವೆ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರಿನ ಅರ್ಥ 'ಸೊಸೆಯ ಪಾಲು'.

ಹಿಂದೆ ಒಮ್ಮೆ ಆ ಇಳಿಜಾರಿನ ಕೆಳಗಿನ ಊರಿಗೆ ಪಾಲ್ಮೋ ಎಂಬ ಹುಡುಗಿ ಸೊಸೆಯಾಗಿ ಬಂದಳು ಎನ್ನುತ್ತಾರೆ. ಚಿಲ್ಗೋಜದ ಬೀಜವೇ ಆ ಊರಿಗೆ ಚಳಿಗಾಲದ ಆಹಾರ. ಕಾಯಿ ಬಾಯಿ ಬಿಡುವ ಮೊದಲೇ ಎಲ್ಲ ಮನೆಯವರೂ ಒಂದೇ ದಿನ ದೋಟಿ ಹಿಡಿದು ಬೆಟ್ಟ ಹತ್ತುತ್ತಿದ್ದರು. ಮನೆಗಿಷ್ಟು ಮರ. ಹೊಸ ಸೊಸೆ ಕೆಲಸಗಾರ್ತಿಯೋ ಅಲ್ಲವೋ ಎಂದು ತಿಳಿಯಲು ಊರವರು ಅವಳ ಮರದ ತುದಿ ನೋಡುತ್ತಿದ್ದರು. ಅಲ್ಲಿ ಒಂದು ಕಾಯಿ ಉಳಿದರೂ ಮನೆಗೆ ಅವಮಾನ. ಪಾಲ್ಮೋ ಅತ್ತೆ ಕೊಟ್ಟ ದೋಟಿಯನ್ನು ಕತ್ತರಿಸಿ ಗಿಡ್ಡ ಮಾಡಿಕೊಂಡಳು. ತುದಿಯ ಕಾಯಿಗಳು ಹಾಗೇ ಉಳಿದವು. ಉಳಿದವರು ಒಲೆಗೆಂದು ಬೂದು ಗಿಡವನ್ನು ಬೇರುಸಹಿತ ಕಿತ್ತರೆ ಇವಳು ಒಣಗಿದ ಕಡ್ಡಿ ಮಾತ್ರ ಮುರಿದು ತಂದಳು. ಊರ ಹೆಂಗಸರು ಅವಳನ್ನು 'ಹಕ್ಕಿಗಳ ಅಡಿಗೆಯವಳು' ಎಂದು ಕರೆದರಂತೆ. ಕೈ ಗಿಡ್ಡವೋ ಬುದ್ಧಿ ಗಿಡ್ಡವೋ ಎಂದು ಅತ್ತೆ ಡೋಲ್ಮಾ ದಿನವೂ ಕೇಳಿದಳು. ಕೆಲವು ವರ್ಷ ಡೋಲ್ಮಾ ಸಹಿಸಿದಳು. ಒಂದು ವರ್ಷ ಹಿಮ ಕರಗುವ ಮೊದಲೇ ಬೀಜ ಮುಗಿಯಿತು. ಸೊಸೆಯನ್ನು ತವರಿಗೆ ಕರೆದೊಯ್ಯಲು ಅವಳ ಅಣ್ಣನಿಗೆ ಹೇಳಿ ಕಳಿಸಿದಳು.

ಹಿಮ ಕರಗಿದ ಮೇಲೆ, ಅವನು ಬರುವ ಮುನ್ನ, ಸೊಸೆಯ ತಪ್ಪಿಗೆ ಗುರುತಾಗಿ ಅವಳು ಕೀಳದೆ ಬಿಟ್ಟ ಕಾಯಿಯೊಂದನ್ನು ತರಲೆಂದು ಡೋಲ್ಮಾ ನೋಯುವ ಮಂಡಿಯಲ್ಲೇ ಬೆಟ್ಟ ಹತ್ತಿದಳು. ಪಾಲ್ಮೋ ಹಿಂದೆ ಬಂದಳು. ಡೋಲ್ಮಾ ದಣಿದು ಕುಳಿತಾಗ, ಕೀಳದೆ ಬಿಟ್ಟ ಬೂದು ಗಿಡದ ನೆರಳಿನಲ್ಲಿ ಬೆರಳುದ್ದದ ಚಿಲ್ಗೋಜ ಸಸಿ ಕಂಡಿತು. ಪಕ್ಕದ ಗಿಡದ ಕೆಳಗೆ ಇನ್ನೊಂದು. ಹಕ್ಕಿಗಳು ಚಳಿಗಾಲಕ್ಕೆಂದು ಹೂತು ಮರೆತ ಬೀಜಗಳಿಂದ ಮೊಳೆತವು ಅವು. ತಾನು ಮದುವೆಯಾಗಿ ಬಂದಂದಿನಿಂದ ಡೋಲ್ಮಾ ಅಲ್ಲಿ ಒಂದೂ ಸಸಿ ಕಂಡಿರಲಿಲ್ಲ. ಕಂಡಿರಲಿಲ್ಲ ಎಂಬುದೇ ಅವಳಿಗೆ ಹೊಳೆದದ್ದು ಆಗ.

"ಮೊದಲೇ ಹೇಳಬಾರದಿತ್ತೇ?" ಎಂದಳು.

"ಹೇಳಿದ್ದೆ ಅತ್ತೆ. ನೀವು ಬೈಯುತ್ತಿದ್ದಿರಿ. ನಾನು ಹುಟ್ಟಿದ ಊರಿನ ಬೆಟ್ಟದಲ್ಲಿ ಮುದಿ ಮರಗಳಷ್ಟೇ ಇದ್ದವು. ಅವೂ ಬಿದ್ದ ವರ್ಷ ನಾವು ಊರು ಬಿಟ್ಟೆವು."

"ಇವು ಕಾಯಿ ಬಿಡುವಾಗ ನಾನಿರುವುದಿಲ್ಲ."

ಪಾಲ್ಮೋ ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

ಅಣ್ಣ ಬಂದ. ಡೋಲ್ಮಾ ಅವನಿಗೆ ಊಟ ಹಾಕಿ, ಬಂದ ದಾರಿಯಲ್ಲಿ ಒಬ್ಬನನ್ನೇ ಕಳಿಸಿದಳು. ಮುಂದಿನ ಕೊಯ್ಲಿನಲ್ಲಿ, ತುದಿಯಲ್ಲಿ ಉಳಿದ ಕಾಯಿಗಾಗಿ ನೆರೆಯವರು ಉದ್ದ ದೋಟಿ ತಂದರು. ಮುದುಕಿ ಮರದ ಬುಡದಲ್ಲಿ ಕಾಲು ಚಾಚಿ ಕುಳಿತು, "ಅದು ನನ್ನ ಸೊಸೆಯ ಪಾಲು" ಎಂದಳಂತೆ. ಅವಳನ್ನು ದಾಟಿ ಯಾರೂ ದೋಟಿ ಎತ್ತಲಿಲ್ಲ.

ಇಂದಿಗೂ ಆ ಊರಿನ ದೋಟಿಗಳು ಗಿಡ್ಡ. ಊರಿಗೆ ಕೊನೆಯದಾಗಿ ಬಂದ ಸೊಸೆಯ ಎತ್ತರಕ್ಕೆ ಕತ್ತರಿಸುತ್ತಾರೆ. ನೋಡಲು ಬಂದವರು ತುದಿಯ ಕಾಯಿ ತೋರಿಸಿ, ಉದ್ದ ದೋಟಿ ಇಲ್ಲವೇ ಎಂದು ಕೇಳುತ್ತಾರೆ. ಊರವರು ತಲೆ ಎತ್ತದೆ ಕಾಯಿ ಆಯುತ್ತಾರೆ. ಮೇಲೆ ಹಕ್ಕಿ ಕಾಯಿ ಬಿಡಿಸುತ್ತಿರುತ್ತದೆ.