ಹೊರಮೈಯ ಕಬ್ಬಿಣದ ಪಟ್ಟಿ

ಹೊಳೆಗುರುಗಳ ಪಂಚೆ ಯಾವಾಗ ನೋಡಿದರೂ ಮೊಣಕಾಲಿನ ಹತ್ತಿರ ಹರಿದೇ ಇರುತ್ತಿತ್ತು. ಹೊಲಿಯುವ ಕೆಲಸ ಶಿಷ್ಯ ಸುಬ್ರಾಯನದು. ಹಾಗಾಗಿ ಸಿಟ್ಟು ಬರುವುದೂ ಅವನಿಗೇ.

ಹೊಳೆ ಸಮುದ್ರ ಸೇರುವಲ್ಲಿ ಅವರ ಆಶ್ರಮ. ಆಶ್ರಮಕ್ಕೊಂದು ಹಾಯಿದೋಣಿ. ದೋಣಿಯ ಕಂಬ ವಾಲದಂತೆ ಅದರ ತುದಿಯಿಂದ ಎರಡೂ ಕಡೆಗೆ ಬಿಗಿದ ಹಗ್ಗಗಳು. ಆ ಹಗ್ಗಗಳ ಬುಡ ಹಿಡಿದುಕೊಳ್ಳಲು ದೋಣಿಯ ಹೊರಮೈಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಪಟ್ಟಿಗಳು. ಗುರುಗಳು ದೋಣಿ ಹತ್ತುವಾಗಲೆಲ್ಲ ಪಂಚೆ ಆ ಪಟ್ಟಿಗೇ ಸಿಕ್ಕಿಕೊಳ್ಳುತ್ತಿತ್ತು.

ದಿನಾ ಬೆಳಿಗ್ಗೆ ಸ್ನಾನವಾದ ಕೂಡಲೇ ಗುರುಗಳು ಸೊಂಟಕ್ಕೆ ಸಿಕ್ಕಿಸಿದ ಎಣ್ಣೆಬಟ್ಟೆ ತೆಗೆದು, ತುಕ್ಕು ಹಿಡಿಯದಂತೆ ಒಂದೊಂದೇ ಪಟ್ಟಿಯನ್ನು ಒರೆಸುತ್ತಿದ್ದರು. ದೇವರ ಪೂಜೆ ಆಮೇಲೆ.

ಒಂದು ದಿನ ಸುಬ್ರಾಯನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಈ ಪಟ್ಟಿಗಳನ್ನು ದೋಣಿಯ ಒಳಗೆ ಹಾಕಬಾರದಾ? ನೋಡಲು ಚಂದವಿಲ್ಲ. ದೋಣಿ ಕಟ್ಟುವ ಧಕ್ಕೆಗೆ ಉಜ್ಜುತ್ತವೆ. ಹಗ್ಗ ಹೊರಗಿರುವುದರಿಂದ ಹಾಯಿಯನ್ನು ಒಳಕ್ಕೆ ಎಳೆದರೆ ಅದಕ್ಕೇ ತಾಗಿ ನಿಲ್ಲುತ್ತದೆ. ಎದುರುಗಾಳಿಯಲ್ಲಿ ಸುತ್ತಿ ಸುತ್ತಿ ಹೋಗಬೇಕು."

"ನೀ ಹೇಳಿದ್ದೆಲ್ಲ ನಿಜ ಮಾರಾಯ," ಎಂದು ಗುರುಗಳು ಒರೆಸುವುದನ್ನು ಮುಂದುವರಿಸಿದರು.

ಸುಬ್ರಾಯನ ಸಿಟ್ಟಿಗೆ ಪಂಚೆಯೊಂದೇ ಕಾರಣವಲ್ಲ. ದಕ್ಷಿಣಕ್ಕೊಂದು ದ್ವೀಪವಿತ್ತು. ಅಲ್ಲಿಯ ಜನ ತಮ್ಮ ನಡುವೆ ಇದ್ದು ನಾಲ್ಕು ಒಳ್ಳೆಯ ಮಾತು ಹೇಳುವವರನ್ನು ಕಳಿಸಿ ಎಂದು ಕೇಳಿಕೊಂಡಿದ್ದರು. ಗುರುಗಳು ಸುಬ್ರಾಯನ ಹೆಸರು ಹೇಳಿಯೂ ಆಗಿತ್ತು. ಆದರೆ ಕಳಿಸುತ್ತಿರಲಿಲ್ಲ.

ಅವನು ಕೇಳಿದಾಗಲೆಲ್ಲ ಗುರುಗಳದು ಒಂದೇ ಪ್ರಶ್ನೆ. "ಹೆದರಿಕೆ ಉಂಟಾ?"

"ಹೆದರಿಕೆಯಾ? ನನಗಾ? ಚೂರೂ ಇಲ್ಲ."

"ಹಾಗಾದರೆ ಇನ್ನೂ ಸ್ವಲ್ಪ ದಿನ ಇರು."

ಇನ್ನೆಷ್ಟು ಧೈರ್ಯ ತೋರಿಸಬೇಕೋ ಸುಬ್ರಾಯನಿಗೆ ತಿಳಿಯದು. ನಿಜ ಹೇಳಬೇಕೆಂದರೆ ಅವನಿಗೆ ಒಬ್ಬನೇ ಸಮುದ್ರದಲ್ಲಿ ಹೋಗಲು ಭಯ. ಅದಕ್ಕಿಂತ ಹೆಚ್ಚಾಗಿ, ದ್ವೀಪದವರು ಏನಾದರೂ ಕೇಳಿ ತನಗೆ ಉತ್ತರ ಬಾರದಿದ್ದರೆ ಎಂಬ ಭಯ. ಗುರುವಾಗಲು ಹೊರಟವನು ಇದನ್ನೆಲ್ಲ ಬಾಯಿಬಿಟ್ಟು ಹೇಳುವುದುಂಟೇ? ಎದೆಯುಬ್ಬಿಸಿ ಓಡಾಡುತ್ತಿದ್ದ.

ಮಳೆಗಾಲ ಬಂತು. ಗುರುಗಳು ಚಾತುರ್ಮಾಸ್ಯಕ್ಕೆ ಘಟ್ಟದ ಮೇಲಿನ ಮಠಕ್ಕೆ ಹೋದರು. ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿಟ್ಟಿದ್ದರು.

ಸುಬ್ರಾಯ ಉಳಿ, ಸುತ್ತಿಗೆ ತೆಗೆದ. ಹೊರಗಿನ ಪಟ್ಟಿಗಳನ್ನೆಲ್ಲ ಬಿಚ್ಚಿದ. ದೋಣಿಗೆ ಚಾವಣಿಯಂತೆ ಹಾಸಿದ ಮೇಲುಹಲಗೆಯಲ್ಲಿ ಸೀಳು ಕೊರೆದು, ಅದರ ಮೂಲಕ ಅವನ್ನು ಒಳಕ್ಕಿಳಿಸಿ, ಒಳಗೋಡೆಗೆ ಬೋಲ್ಟ್ ಹಾಕಿದ. ಸೀಳಿಗೆ ಹತ್ತಿ ತುರುಕಿ ರಾಳ ಮೆತ್ತಿದ. ಬೋಲ್ಟುಗಳು ಕಾಣಬಾರದೆಂದು ಅವುಗಳ ಮುಂದೆ ಹಲಸಿನ ಹಲಗೆಯ ಕಪಾಟನ್ನೂ ಮಾಡಿದ. ಹೊರಮೈಗೆ ಬಣ್ಣ ಬಳಿದ.

ಗುರುಗಳು ಹಿಂದಿರುಗಿ ನೋಡಿದರು. ದೋಣಿಯ ಸುತ್ತ ಒಂದು ಸುತ್ತು ಬಂದು, ನುಣುಪಾದ ಮೈಯನ್ನು ಕೈಯಲ್ಲಿ ಸವರಿದರು.

"ಎಷ್ಟು ಚಂದ ಮಾಡಿದ್ದೀಯಾ!"

ಅದು ಅಣಕವಲ್ಲ. ನೀರಿಗಿಳಿಸಿದಾಗ ದೋಣಿ ಎದುರುಗಾಳಿಯನ್ನು ಓರೆಯಲ್ಲಿ ಹಿಡಿದು ಹೇಗೆ ಹೋಯಿತೆಂದರೆ, ಗುರುಗಳು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಆ ವಾರ ಪಂಚೆಯೂ ಹರಿಯಲಿಲ್ಲ. ಸುಬ್ರಾಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೆಳಿಗ್ಗೆ ಗುರುಗಳು ಎಣ್ಣೆಬಟ್ಟೆ ಹಿಡಿದು ದೋಣಿಯ ಹತ್ತಿರ ಬಂದರು. ಒರೆಸಲು ಏನೂ ಇರಲಿಲ್ಲ. ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸಾದರು.

"ಈಗಲಾದರೂ ಕಳಿಸುತ್ತೀರಾ ಗುರುಗಳೇ?"

"ಹೆದರಿಕೆ ಉಂಟಾ?"

"ಇಲ್ಲವೇ ಇಲ್ಲ!"

"ಸಂಕ್ರಾಂತಿ ಕಳೆಯಲಿ, ನೋಡುವಾ."

ಸಂಕ್ರಾಂತಿ ಕಳೆಯಿತು. ಮಾರನೆಯ ಮಧ್ಯಾಹ್ನ ಗುರುಗಳು, "ನಡಿ, ಸಮುದ್ರದಲ್ಲಿ ಒಂದು ಸುತ್ತು ಹಾಕಿ ಬರುವಾ. ನೀ ನಡೆಸು, ನಾ ಮಲಗುತ್ತೇನೆ," ಎಂದರು. ದೋಣಿಯೊಳಗೆ, ಕಪಾಟಿನ ಪಕ್ಕ ಹಾಸಿದ್ದ ಸುಬ್ರಾಯನ ಚಾಪೆಯ ಮೇಲೆ ಆರಾಮವಾಗಿ ಕಾಲು ಚಾಚಿದರು.

ಗಾಳಿ ಬಲವಾಗಿತ್ತು. ಅಲೆಯ ನೀರು ಮೇಲುಹಲಗೆಗೆ ಹಾರುತ್ತಿತ್ತು.

"ಸುಬ್ರಾಯ," ಒಳಗಿಂದ ಗುರುಗಳ ದನಿ ಬಂತು. "ನನ್ನ ಹಣೆಗೆ ಅಭಿಷೇಕ ಆಗ್ತಾ ಉಂಟು."

ಸುಬ್ರಾಯನ ಮುಖ ಕಪ್ಪಿಟ್ಟಿತು. "ಅಲ್ಲೇ ಮೂಲೆಯಲ್ಲಿ ಚೊಂಬು ಇದೆ ಗುರುಗಳೇ. ಕೆಳಗೆ ಇಟ್ಟುಕೊಳ್ಳಿ."

"ಓಹೋ. ಚೊಂಬು ಮೊದಲೇ ತಂದಿಟ್ಟಿದ್ದೀಯಾ?"

ಅಷ್ಟರಲ್ಲಿ ಟಪ್ ಎಂಬ ಸದ್ದಾಯಿತು. ಬಿಗಿಯಾಗಿದ್ದ ಹಗ್ಗವೊಂದು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿತ್ತು. ಕಂಬ ಕಿರ್ರೆಂದು ವಾಲಿತು.

"ಹಾಯಿ ಇಳಿಸು!" ಗುರುಗಳು ಕೂಗುತ್ತಾ ಹೊರಬಂದರು.

ಇಬ್ಬರೂ ಸೇರಿ ಹಾಯಿ ಇಳಿಸಿದರು. ಹುಟ್ಟು ಹಾಕುತ್ತಾ ದಡ ಸೇರುವಷ್ಟರಲ್ಲಿ ಸುಬ್ರಾಯನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಕಪಾಟು ಒಡೆದರು. ಚಂದದ ಹಲಸಿನ ಹಲಗೆಯ ಹಿಂದೆ, ಸೀಳಿನಿಂದ ಸೋರಿದ ನೀರಿಗೆ ಮರವೆಲ್ಲ ಒದ್ದೆ. ಪಟ್ಟಿ ಕೆಂಪಗೆ ಪದರು ಪದರಾಗಿ ಏಳುತ್ತಿತ್ತು. ತುಂಡಾದ ಬೋಲ್ಟನ್ನು ಗುರುಗಳು ಬೆರಳಲ್ಲಿ ತಿಕ್ಕಿದರು. ತುಕ್ಕು ಬೆಲ್ಲದ ಪುಡಿಯ ಹಾಗೆ ಉದುರಿತು.

ಇದೇ ದೋಣಿಯಲ್ಲಿ ಒಬ್ಬನೇ ನಡುನೀರಿಗೆ ಹೋಗಿದ್ದರೆ ಎಂದು ಸುಬ್ರಾಯ ಯೋಚಿಸಿದ. ಅಲ್ಲೇ ಕುಳಿತುಬಿಟ್ಟ.

"ನೀರು ಸೋರುವುದು ನಿನಗೆ ಮೊದಲೇ ಗೊತ್ತಿತ್ತು," ಗುರುಗಳೆಂದರು.

"ಗೊತ್ತಿತ್ತು."

"ಕಪಾಟು ಬಿಚ್ಚಿ ನೋಡಬಾರದಿತ್ತಾ?"

"ನೋಡಲು ಹೆದರಿಕೆಯಾಯಿತು ಗುರುಗಳೇ."

"ಎಂತ? ಎಂತ ಹೇಳಿದೆ?"

"ಹೆದರಿಕೆ!" ಸುಬ್ರಾಯ ಹೆಚ್ಚುಕಮ್ಮಿ ಕೂಗಿಯೇ ಬಿಟ್ಟ. ಮತ್ತೆ ತಡೆಯಲಾಗಲಿಲ್ಲ. ಸಮುದ್ರ, ದ್ವೀಪ, ಜನ ಕೇಳುವ ಪ್ರಶ್ನೆ, ತನಗೆ ಬಾರದ ಉತ್ತರ, ಎಲ್ಲವನ್ನೂ ಹೇಳಿ ಗಳಗಳನೆ ಅತ್ತುಬಿಟ್ಟ.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಅವರ ಮುಖ ಅರಳಿತ್ತು. ಮಗನ ಮದುವೆ ಗೊತ್ತಾದವರ ಹಾಗೆ ಓಡಾಡಿ, ತಾವೇ ಒಲೆ ಹಚ್ಚಿ, ಗಂಜಿ ಬೇಯಿಸಿ ಶಿಷ್ಯನಿಗೆ ಬಡಿಸಿದರು.

ಮರುದಿನ ಹೊಸ ಪಟ್ಟಿಗಳು ಬಂದವು. ಗುರುಗಳು ಉಳಿಯನ್ನು ಸುಬ್ರಾಯನ ಕೈಗಿತ್ತರು. "ಎಲ್ಲಿ ಹಾಕುತ್ತೀ? ದೋಣಿ ಇನ್ನು ನಿನ್ನದು."

ಸುಬ್ರಾಯ ತಲೆ ಕೆರೆದುಕೊಂಡ. "ಹೊರಗೆ ಹಾಕಿದರೆ ಎದುರುಗಾಳಿಯಲ್ಲಿ ಮತ್ತೆ ಕಷ್ಟ."

"ಕಷ್ಟವೇ. ಎರಡು ಸುತ್ತು ಹೆಚ್ಚು ಹೊಡಿ."

"ಧಕ್ಕೆಗೆ ಉಜ್ಜುತ್ತವೆ."

"ಉಜ್ಜುತ್ತವೆ."

"ಪಂಚೆ ಹರಿಯುತ್ತದೆ."

"ನಿನಗೆ ಹೊಲಿಗೆ ಚೆನ್ನಾಗಿ ಬರುತ್ತದಲ್ಲ."

ಸುಬ್ರಾಯ ನಕ್ಕುಬಿಟ್ಟ. ಪಟ್ಟಿಗಳನ್ನು ಹೊರಮೈಗೇ ಕೂರಿಸಿದ. ಮೇಲಿನ ಸೀಳುಗಳಿಗೆ ಮರ ತುಂಬಿ ಮುಚ್ಚಿದ.

ದ್ವೀಪಕ್ಕೆ ಹೊರಡುವ ದಿನ ಬೆಳಗಿನ ಗಾಳಿ ನೆಲದ ಕಡೆಯಿಂದ ಹದವಾಗಿ ಬೀಸುತ್ತಿತ್ತು. ಸುಬ್ರಾಯ ಗುರುಗಳ ಕಾಲಿಗೆರಗಿ ದೋಣಿ ಹತ್ತಿದ. ಪರ್‍ರೆಂದು ಪಂಚೆ ಪಟ್ಟಿಗೆ ಸಿಕ್ಕಿ ಮೊಣಕಾಲಿನ ಹತ್ತಿರ ಹರಿಯಿತು. ದಡದಲ್ಲಿ ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಮುಗಿದ ಮೇಲೆ ಕೇಳಿದರು. "ಹೆದರಿಕೆ ಉಂಟಾ?"

"ಉಂಟು ಗುರುಗಳೇ. ತುಂಬಾ ಉಂಟು."

ಗುರುಗಳು ನೀರಿಗಿಳಿದು ಹತ್ತಿರ ಬಂದು, ಸೊಂಟದಿಂದ ಎಣ್ಣೆಬಟ್ಟೆ ತೆಗೆದು ಅವನ ಕೈಗಿಟ್ಟರು.

"ಅದೂ ಹೊರಗೇ ಇರಲಿ. ದಿನಾ ಬೆಳಿಗ್ಗೆ ಒಮ್ಮೆ ಒರೆಸು."